ದೋಣಿ ತಾನೇ ಹುಟ್ಟಿಸಿಕೊಳ್ಳುವ ಗಾಳಿಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಹಾಯಿದೋಣಿ ಓಡಿಸುವವರು ದಿನವೂ ಆಡುವ ಒಂದು ಮಾತಿಗೆ ಕನ್ನಡ ಪದ ಹುಡುಕುತ್ತಿದ್ದೇನೆ. ಇಂಗ್ಲಿಷಿನಲ್ಲಿ ಅದನ್ನು ‘ಅಪೇರೆಂಟ್ ವಿಂಡ್’ ಅನ್ನುತ್ತಾರೆ. ಓಡುವ ದೋಣಿಯಲ್ಲಿ ಕೂತವರ ಮುಖಕ್ಕೆ ತಾಕುವ ಗಾಳಿ ಅದು. ದಡದಲ್ಲಿ ನಿಂತವರಿಗೆ ತಾಕುವ ಗಾಳಿ ಬೇರೆ. ‘ತೋರಿಕೆಯ ಗಾಳಿ’ ಎಂದು ಬರೆದು ಮುಗಿಸಬಹುದು, ಆದರೆ ನನಗೆ ಅದು ಒಪ್ಪುವುದಿಲ್ಲ. ತೋರಿಕೆ ಅಂದ ಕೂಡಲೇ ‘ನಿಜವಲ್ಲದ್ದು’ ಎಂಬ ಅರ್ಥ ಬಂದುಬಿಡುತ್ತದೆ. ಹಾಯಿಯ ಮಟ್ಟಿಗೆ ಇರುವುದೇ ಈ ಗಾಳಿ, ದೋಣಿಯನ್ನು ಎಳೆದುಕೊಂಡು ಹೋಗುವುದೂ ಇದೇ.

ಎಲೆಯೂ ಅಲುಗದ ಹೊತ್ತಿನಲ್ಲಿ ಸೈಕಲ್ ತುಳಿದರೂ ಎದುರಿನಿಂದ ಗಾಳಿ ಬಡಿಯುತ್ತದೆ ಅಲ್ವಾ? ದೋಣಿಗೂ ಹಾಗೇ. ಬೀಸುವ ಗಾಳಿಯ ಜೊತೆ ಓಟದ ಗಾಳಿಯೂ ಸೇರಿಕೊಳ್ಳುತ್ತದೆ. ಹಾಯಿಗೆ ಎರಡೂ ಕೂಡಿ ಒಂದಾಗಿಯೇ ತಾಕುತ್ತವೆ. ಭಾರದ, ನಿಧಾನದ ದೋಣಿಯಲ್ಲಿ ಇದು ದೊಡ್ಡ ವಿಷಯವಲ್ಲ. ಎರಡು ಒಡಲಿನ ವೇಗದ ಹಾಯಿದೋಣಿಯಾದ ಕ್ಯಾಟಮರಾನ್‌ನಲ್ಲಿ, ಅದೂ ಗಾಳಿ ಕಡಿಮೆ ಇರುವ ದಿನ, ಆಟವೆಲ್ಲ ಇದರದ್ದೇ.

ಒಂದು ಲೆಕ್ಕ ನೋಡಿ. 6 ನಾಟ್ ಗಾಳಿ ಇದೆ ಅಂದುಕೊಳ್ಳಿ, ಅಂದರೆ ಗಂಟೆಗೆ ಸುಮಾರು 11 ಕಿಲೋಮೀಟರ್. ಗಾಳಿಯ ಬಲ ಅಳೆಯುವ ಬ್ಯೂಫೋರ್ಟ್ ಅಳತೆಯಲ್ಲಿ ಇದು 2ನೇ ಮಟ್ಟ. ಎಲೆ ಸರಸರ ಅನ್ನುತ್ತದೆ, ಮುಖಕ್ಕೆ ತಾಕಿದ್ದು ಗೊತ್ತಾಗುತ್ತದೆ, ಅಷ್ಟೇ. ಆ ಗಾಳಿಗೆ ಅಡ್ಡಲಾಗಿ ದೋಣಿ 8 ನಾಟ್‌ನಲ್ಲಿ ಓಡಿದರೆ ಹಾಯಿಗೆ ಸಿಗುವುದು 10 ನಾಟ್ ಗಾಳಿ. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಅದು ಮೊದಲಿನ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ. ಜೊತೆಗೆ, ಪಕ್ಕದಿಂದ ಬರುತ್ತಿದ್ದ ಗಾಳಿ ಈಗ ದೋಣಿಯ ಮೂತಿಯಿಂದ 37 ಡಿಗ್ರಿಯಲ್ಲಿ, ಹೆಚ್ಚುಕಡಿಮೆ ಮುಂದಿನಿಂದಲೇ, ಬರುತ್ತದೆ. ಬೀಸುವ ಗಾಳಿಗಿಂತ ದೋಣಿ ಜೋರಾಗಿ ಓಡುವುದು ಹೀಗೆ.

ಆದರೆ ಅಲ್ಲಿಗೆ ಮುಟ್ಟುವುದು ಸುಲಭವಲ್ಲ. ಕ್ಯಾಟಮರಾನ್‌ಗೆ ಎರಡು ಒಡಲು. ಎರಡೂ ನೀರಿನಲ್ಲಿದ್ದರೆ ನೀರು ಅಂಟಿಕೊಂಡು ಹಿಡಿದೆಳೆಯುತ್ತದೆ. ಅದಕ್ಕೇ ಗಾಳಿ ಕಡಿಮೆ ಇದ್ದಾಗ ದೋಣಿಯಲ್ಲಿರುವ ಇಬ್ಬರೂ ಮುಂದಕ್ಕೆ ಸರಿದು ಕೂರುತ್ತಾರೆ, ಒಬ್ಬರು ಗಾಳಿ ಹೋಗುವ ಕಡೆಯ ಒಡಲಿನ ಮೇಲೆ. ಆಗ ಹಿಂದಿನ ಅಗಲ ತುದಿಗಳು ನೀರಿನಿಂದ ಮೇಲೆ ಬರುತ್ತವೆ, ಆಚೆಯ ಒಡಲು ಹಗುರಾಗುತ್ತದೆ. ಯಾರೂ ದಡಬಡ ಅಲುಗುವಂತಿಲ್ಲ. ಚುಕ್ಕಾಣಿ ಹಿಡಿದವರು ಸ್ವಲ್ಪವೇ ಗಾಳಿಯ ಕಡೆಗೆ ತಿರುಗಿಸುತ್ತಾರೆ. ಓಟ ಏರುತ್ತದೆ, ಗಾಳಿ ಮುಂದಕ್ಕೆ ಸರಿಯುತ್ತದೆ, ಹಾಯಿಯ ಹಗ್ಗವನ್ನು ಒಂದಿಷ್ಟು ಎಳೆಯಬೇಕು. ಆಮೇಲೆ ಬಂದ ವೇಗವನ್ನು ಕಳೆದುಕೊಳ್ಳದೆ ಮೆಲ್ಲಗೆ ಮೊದಲಿನ ದಾರಿಗೆ ಇಳಿಸಬೇಕು.

ಕಣ್ಣು ಪೂರ್ತಿ ಮುಂದಿನ ಹಾಯಿಯ ಮೇಲೆ. ಅದರ ಎರಡೂ ಬದಿಗೆ ಉಣ್ಣೆಯ ಸಣ್ಣ ಎಳೆಗಳನ್ನು ಅಂಟಿಸಿರುತ್ತಾರೆ. ಎರಡೂ ನೇರ ಹಿಂದಕ್ಕೆ ಹರಿದರೆ ಎಲ್ಲ ಸರಿ. ಗಾಳಿ ಬರುವ ಬದಿಯ ಎಳೆ ಕುಣಿದರೆ ದೋಣಿ ಗಾಳಿಗೆ ಜಾಸ್ತಿ ಮುಖ ಮಾಡಿದೆ. ಆಚೆ ಬದಿಯದು ಜೋತುಬಿದ್ದರೆ ಹಗ್ಗ ಬಿಗಿ ಜಾಸ್ತಿಯಾಗಿದೆ. ಈ ಎಳೆಗಳು ಹೇಳುವುದು ನಾನು ಪದ ಕೇಳುತ್ತಿರುವ ಗಾಳಿಯ ಸುದ್ದಿಯನ್ನೇ.

ಆಮೇಲೆ ಆ ಕ್ಷಣ ಬರುತ್ತದೆ. ಹಿಂದುಗಡೆ ಗುಳುಗುಳು ಅನ್ನುತ್ತಿದ್ದ ನೀರು ಸುಮ್ಮನಾಗುತ್ತದೆ. ಒಂದು ಒಡಲು ನೀರು ಬಿಟ್ಟು ಏಳುತ್ತದೆ, ಅದರಡಿ ಬೆಳಕಿನ ಗೆರೆ ಕಾಣುತ್ತದೆ. ಕೈಯಲ್ಲಿ ಚುಕ್ಕಾಣಿ ಗುಂಯ್‌ಗುಡತೊಡಗುತ್ತದೆ. ನೀರಿನ ಎಳೆತ ಕಡಿಮೆಯಾದ ದೋಣಿ ಮುನ್ನುಗ್ಗುತ್ತದೆ. ದಡದ ಬಾವುಟ ಇನ್ನೂ ಸರಿಯಾಗಿ ಬಿಚ್ಚಿಕೊಂಡಿರುವುದಿಲ್ಲ, ಇಲ್ಲಿ ಮಾತ್ರ ಕೆನ್ನೆಗೆ ಗಾಳಿ ರಾಚುತ್ತಿರುತ್ತದೆ! ಬಿರುಗಾಳಿಯ ಓಟಕ್ಕಿಂತ ನನಗೆ ಇದೇ ಹೆಚ್ಚು ಇಷ್ಟ. ಅಲ್ಲಿ ಗಾಳಿ ಪುಕ್ಕಟೆ ಸಿಗುತ್ತದೆ, ಇಲ್ಲಿ ಗಳಿಸಬೇಕು. ಚುಕ್ಕಾಣಿಯನ್ನು ಒಮ್ಮೆ ಒರಟಾಗಿ ಎಳೆದರೂ ಸಾಕು, ಓಟ ಹೋಗುತ್ತದೆ, ಅದರ ಹಿಂದೆಯೇ ಗಾಳಿಯೂ ಹೋಗುತ್ತದೆ.

ಇಷ್ಟು ಹೇಳಿದ ಮೇಲೆ ಪದಕ್ಕೆ ಬರುತ್ತೇನೆ. ‘ಎದುರುಗಾಳಿ’ ನಮ್ಮಲ್ಲಿ ಆಗಲೇ ಇದೆ. ಆದರೆ ಅದು ತಡೆಯುವ ಗಾಳಿ. ಪೂರ್ತಿ ಎದುರಿನಿಂದ ಬಂದರೆ ಹಾಯಿ ಪಟಪಟ ಬಡಿದುಕೊಳ್ಳುತ್ತದೆಯೇ ಹೊರತು ಎಳೆಯುವುದಿಲ್ಲ. ‘ಓಟಗಾಳಿ’ ಅಂದರೆ ಅರ್ಧ ಮಾತ್ರ ಹೇಳಿದಂತೆ. ನನ್ನ ಮನಸ್ಸು ‘ಕೂಡುಗಾಳಿ’ಯ ಕಡೆಗಿದೆ. ಬೀಸುಗಾಳಿ, ಓಟಗಾಳಿ, ಎರಡೂ ಸೇರಿ ಕೂಡುಗಾಳಿ. ಮೂರೂ ಒಂದೇ ಮನೆಯ ಪದಗಳಾಗುತ್ತವೆ, ಅರ್ಥವೂ ಒಳಗೇ ಇದೆ.

ಕಡಿಮೆ ಗಾಳಿಗೂ ಒಂದು ಪದ ಬೇಕು. ‘ತಂಗಾಳಿ’ ತಂಪಿನ ಮಾತು, ಬಲದ ಮಾತಲ್ಲ. ‘ಮಂದಮಾರುತ’ ಪದ್ಯಕ್ಕೆ ಚೆಂದ, ದೋಣಿಯಲ್ಲಿ ಜೊತೆಯವರಿಗೆ ಕೂಗಿ ಹೇಳುವುದಕ್ಕಲ್ಲ. ಎಳೆಬಿಸಿಲು ಅನ್ನುವ ಹಾಗೆ ‘ಎಳೆಗಾಳಿ’ ಅನ್ನಬಹುದೇ?

ಕ್ಯಾಟಮರಾನ್ ಅನ್ನು ಹಾಗೇ ಉಳಿಸಿಕೊಂಡಿದ್ದೇನೆ. ಅದರ ಮೂಲ ತಮಿಳಿನ ‘ಕಟ್ಟುಮರಂ’ ಎಂಬುದು ನಿಜ. ಆದರೆ ಅದು ದಿಮ್ಮಿಗಳನ್ನು ಒಟ್ಟಿಗೆ ಕಟ್ಟಿದ ತೆಪ್ಪ. ಎರಡು ಒಡಲಿನ ದೋಣಿ ಪೆಸಿಫಿಕ್ ದ್ವೀಪದವರ ಕಟ್ಟಣೆ, ಹೆಸರು ಆಮೇಲೆ ಅದಕ್ಕೆ ಅಂಟಿಕೊಂಡಿತು. ‘ಕಟ್ಟುಮರ’ ಎಂದು ಬರೆದರೆ ಓದುಗರ ಕಣ್ಣಿಗೆ ತೆಪ್ಪವೇ ಬರುತ್ತದೆ. ಒಲಿಂಪಿಕ್ಸ್‌ನಲ್ಲಿ 1976ರಿಂದ 2008ರವರೆಗೆ ಟಾರ್ನೆಡೊ ಎಂಬ ಕ್ಯಾಟಮರಾನ್ ಇತ್ತು, 2016ರಿಂದ ನಾಕ್ರಾ 17 ಇದೆ. ಇವುಗಳ ಬಗ್ಗೆ ಬರೆಯುವವರಿಗೆ ‘ಜೋಡಿದೋಣಿ’ ಹಿಡಿಸಬಹುದೇನೋ.

‘ಕೂಡುಗಾಳಿ ಮುಂದಕ್ಕೆ ಬಂತು, ಹಗ್ಗ ಎಳಿ’ ಎಂದು ಒಮ್ಮೆ ಜೋರಾಗಿ ಹೇಳಿ ನೋಡಿ. ನಾಲಿಗೆಗೆ ಸಲೀಸಾಗಿ ಬರುತ್ತದೆಯೇ? ಇದಕ್ಕಿಂತ ಒಳ್ಳೆಯದು ದೋಣಿಯವರ ಬಾಯಲ್ಲಿ ಬಳಕೆಯಲ್ಲಿದ್ದರೆ ದಯವಿಟ್ಟು ವಾಕ್ಯದ ಸಮೇತ ಬರೆಯಿರಿ.