ಸಹಾಯ ಬೇಕು: ಅಮೆರಿಕದ ಮೆಡಿಕಲ್, ವೆಟರ್ನರಿ, ಲಾ ಸೀಟುಗಳನ್ನು ಹೋಲಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳು ಅಮೆರಿಕದಲ್ಲೇ ಹುಟ್ಟಿ ಬೆಳೆದವಳು, ಈಗ ಅಲ್ಲೇ ಬಯಾಲಜಿ ಡಿಗ್ರಿ ಮಾಡ್ತಿದ್ದಾಳೆ. ಮುಂದೆ ಮೆಡಿಕಲ್ಲೋ, ವೆಟರ್ನರಿಯೋ, ಲಾ ಕಾಲೇಜೋ ಅಂತ ತೀರ್ಮಾನಕ್ಕೆ ಬರೋಕಾಗ್ತಿಲ್ಲ. ಯಾವುದಕ್ಕೆ ಪೈಪೋಟಿ ಜಾಸ್ತಿ ಅಂತ ನೋಡಿ ಹೇಳು ಅಂದಳು. ನೋಡ್ತಾ ಕೂತ ನನಗೇ ದಿಕ್ಕು ತಪ್ಪಿದ ಹಾಗಾಗಿದೆ.

ಅಂಕಿಅಂಶ ಇಲ್ಲ ಅಂತಲ್ಲ. 2023ರಲ್ಲಿ ಎಂ.ಡಿ. ಕೋರ್ಸಿಗೆ (ಅಲ್ಲಿ ಡಾಕ್ಟರ್ ಆಗೋಕೆ ಓದೋ ಮೊದಲ ಮೆಡಿಕಲ್ ಡಿಗ್ರಿ ಇದೇ) 52,577 ಜನ ಅರ್ಜಿ ಹಾಕಿದ್ರು, 22,981 ಜನ ಸೇರಿದ್ರು. ಅಂದ್ರೆ ನೂರಕ್ಕೆ ಹೆಚ್ಚುಕಮ್ಮಿ 44. ಆದ್ರೆ ಒಂದೊಂದೇ ಕಾಲೇಜಿನ ಲೆಕ್ಕ ತೆಗೆದ್ರೆ ಎಷ್ಟೋ ಕಡೆ ನೂರಕ್ಕೆ ಐದೂ ದಾಟಲ್ಲ. ಒಬ್ಬೊಬ್ಬರು ಸರಾಸರಿ 15ಕ್ಕೂ ಹೆಚ್ಚು ಕಾಲೇಜಿಗೆ ಅರ್ಜಿ ಹಾಕೋದ್ರಿಂದ ಹೀಗೆ, ಅಷ್ಟು ಅರ್ಥ ಆಯ್ತು.

ವೆಟರ್ನರಿ ಕಾಲೇಜುಗಳೇ ಕಡಿಮೆ. ಅದರಲ್ಲೂ ಸರ್ಕಾರಿ ಕಾಲೇಜುಗಳು ತಮ್ಮ ರಾಜ್ಯದವರಿಗೇ ಮೊದಲ ಆದ್ಯತೆ ಕೊಡ್ತವೆ. ಲಾ ಕಾಲೇಜು 200ರ ಹತ್ತಿರ ಇವೆ, ಎಲ್ಲೋ ಒಂದು ಕಡೆ ಸೀಟು ಸಿಗಬಹುದು, ಆದ್ರೆ ಮುಂದೆ ಒಳ್ಳೆ ಕೆಲಸ ಬೇಕಂದ್ರೆ ಯಾವ ಕಾಲೇಜು ಅನ್ನೋದು ತುಂಬಾ ಮುಖ್ಯ.

ಪರೀಕ್ಷೆಯ ಅಂಕ ಹಿಡಿದೂ ನೋಡಿದೆ. ಮೆಡಿಕಲ್ ಪ್ರವೇಶ ಪರೀಕ್ಷೆ ಎಂಕ್ಯಾಟ್‌ನಲ್ಲಿ ಅಂಕ 472ರಿಂದ 528, ಲಾ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ನಲ್ಲಿ 120ರಿಂದ 180. ಪರ್ಸೆಂಟೈಲ್‌ಗೆ ಬದಲಾಯಿಸಿದ್ರೂ ಬರೆಯೋ ಜನವೇ ಬೇರೆ ಬೇರೆ. ಕೆಮಿಸ್ಟ್ರಿ ಕಷ್ಟ ಆಗಿ ಅರ್ಜಿಗೂ ಮುಂಚೆಯೇ ಮೆಡಿಕಲ್ ಆಸೆ ಬಿಟ್ಟವರಂತೂ ಯಾವ ಲೆಕ್ಕಕ್ಕೂ ಬರಲ್ಲ. ನನಗೆ ಇದೇ ದೊಡ್ಡ ತೊಡಕು ಅನ್ನಿಸ್ತಿದೆ.

ಅಲ್ಲಿ ಓದಿದವರು, ಮಕ್ಕಳನ್ನ ಓದಿಸಿದವರು ದಯವಿಟ್ಟು ಹೇಳಿ: ಈ ಮೂರನ್ನೂ ಹೋಲಿಸೋಕೆ ಒಟ್ಟು ಅರ್ಜಿದಾರರಲ್ಲಿ ಎಷ್ಟು ಜನಕ್ಕೆ ಸೀಟು ಸಿಕ್ತು ಅನ್ನೋದನ್ನ ನೋಡಬೇಕಾ, ಕಾಲೇಜುವಾರು ಲೆಕ್ಕ ನೋಡಬೇಕಾ, ಅಥವಾ ಸೇರಿದವರ ಜಿಪಿಎ (ಡಿಗ್ರಿಯ ಸರಾಸರಿ ಗ್ರೇಡ್) ನೋಡಬೇಕಾ?