‘ವ್ಯಾಪಾರವೇ ಆಗಿಲ್ಲ, ಲೆಕ್ಕ ಯಾಕೆ?’: ಸಿಎ ಮೇಡಂ ಜತೆ ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಮಡಿಕೇರಿಯ ಸಿಎ ಮೇಡಂ ವಿದ್ಯಾರ್ಥಿ ಸ್ಟಾರ್ಟಪ್ ಬಗ್ಗೆ ಉತ್ತರ ಕೊಡುತ್ತಾರೆ. ಹೆಸರು ಬೇಡ, ಊರು ಹಾಕಿ ಸಾಕು. ಗುಡ್ ಮಾರ್ನಿಂಗ್ ಚಿತ್ರ ಹಾಕಿದವರನ್ನು ತೆಗೆಯುತ್ತೇನೆ.

ಕುಶಾಲನಗರ, ಬಿಬಿಎ: ಮೇಡಂ, ಸ್ಟಾರ್ಟಪ್ ಮಾಡಿದರೆ ಸರ್ಕಾರ 20 ಲಕ್ಷ ಕೊಡುತ್ತದಂತೆ. ಅರ್ಜಿ ಎಲ್ಲಿ ಹಾಕಬೇಕು?

ಸಿಎ: ನೇರವಾಗಿ ಯಾರ ಖಾತೆಗೂ ಹಾಕುವುದಿಲ್ಲಪ್ಪ. 2021ರಲ್ಲಿ ಬಂದ ಸೀಡ್ ಫಂಡ್ (ಆರಂಭದ ಬಂಡವಾಳ) ಯೋಜನೆಯ ಹಣ ಇನ್‌ಕ್ಯುಬೇಟರ್, ಅಂದರೆ ಹೊಸ ಕಂಪನಿಗಳನ್ನು ಬೆಳೆಸುವ ಕೇಂದ್ರದ ಮೂಲಕ ಬರುತ್ತದೆ. 20 ಲಕ್ಷ ಅನ್ನುವುದು ಗರಿಷ್ಠ ಮಿತಿ. ಅದೂ ಕಂತಿನಲ್ಲಿ, ಕೆಲಸ ತೋರಿಸಿದಷ್ಟು. ಮೊದಲು ಕೇಂದ್ರದ ಕೈಗಾರಿಕಾ ಇಲಾಖೆ ಡಿಪಿಐಐಟಿಯ ಸ್ಟಾರ್ಟಪ್ ಮಾನ್ಯತೆ ಬೇಕು. ಅದಕ್ಕೆ ಶುಲ್ಕ ಇಲ್ಲ.

ವಿರಾಜಪೇಟೆ, ಬಿಎಸ್ಸಿ: ಸ್ಟಾರ್ಟಪ್ ಕೆಲಸಕ್ಕೆ ಓಡಾಡಿದರೆ ಹಾಜರಾತಿ ಸಿಗುತ್ತದಾ?

ಸೋಮವಾರಪೇಟೆ, ಪೋಷಕರು: *ಫಾರ್ವರ್ಡ್* 1,499 ಕಟ್ಟಿ, ಮೂರೇ ದಿನದಲ್ಲಿ ಸ್ಟಾರ್ಟಪ್ ಸರ್ಟಿಫಿಕೇಟ್! 20 ಲಕ್ಷ ಗ್ಯಾರಂಟಿ!! ಹತ್ತು ಗುಂಪಿಗೆ ಕಳಿಸಿ.

ಸಿಎ: ಶುಲ್ಕ ಇಲ್ಲ ಅಂತ ಈಗಷ್ಟೇ ಬರೆದೆ. ಲಿಂಕ್ ಒತ್ತಬೇಡಿ. ಆಧಾರ್, ಪ್ಯಾನ್ ಕಳಿಸಬೇಡಿ.

ನಾಪೋಕ್ಲು: ಅಜ್ಜಿ ಕಾಚಂಪುಳಿ (ನಮ್ಮ ಕೊಡಗಿನ ಅಡುಗೆ ಹುಳಿ) ಕಾಯಿಸುವ ವಿಧಾನಕ್ಕೆ ಪೇಟೆಂಟ್ ಮಾಡಿಸಬಹುದಾ?

ಸಿಎ: ಆಗುವುದಿಲ್ಲ. ತಲೆಮಾರಿನಿಂದ ಬಂದ ತಿಳಿವಳಿಕೆಗೆ ಪೇಟೆಂಟ್ ಇಲ್ಲ, ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಪಿ) ನೋಡಿ. ನಿಮ್ಮದೇ ಹೆಸರಿಟ್ಟು ಟ್ರೇಡ್‌ಮಾರ್ಕ್ ಮಾಡಿಸಿ. ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿ ಸಂಖ್ಯೆ ಇಲ್ಲದೆ ಬಾಟಲಿ ಮಾರಬೇಡಿ.

ಪೊನ್ನಂಪೇಟೆ: ಮೇಡಂ, ಎಂಜಿನಿಯರಿಂಗ್ ಓದುವಾಗ ಮೂವರು ಗೆಳೆಯರು ಪ್ರೈವೇಟ್ ಲಿಮಿಟೆಡ್ ಮಾಡಿದೆವು. ಕಣದಲ್ಲಿ ಕಾಫಿ ಒಣಗುವಾಗ ತೇವ ಅಳೆಯುವ ಸಾಧನ. ಪಿಚ್ (ಐಡಿಯಾ ಮಂಡಿಸುವ) ಸ್ಪರ್ಧೆಯಲ್ಲಿ ಬಹುಮಾನವೂ ಬಂತು. ಆಮೇಲೆ ಒಬ್ಬ ಬೆಂಗಳೂರಿಗೆ ಕೆಲಸಕ್ಕೆ ಹೋದ, ನಮ್ಮ ಕಂಪನಿಯ ವಾಟ್ಸಾಪ್ ಗುಂಪೂ ಬಿಟ್ಟ. ವ್ಯಾಪಾರ ಆಗಿಲ್ಲ ಅಂತ ಎರಡು ವರ್ಷ ಏನೂ ಸಲ್ಲಿಸಿಲ್ಲ. ಸುಮ್ನೆ ಬಿಟ್ಟರೆ ತಾನೇ ಮುಚ್ಚಿಹೋಗುತ್ತದೆ ಅಂತಾರೆ, ನಿಜವಾ?

ಸಿಎ: ಹಾಗೆ ಹೇಳಿದವರು ದಂಡ ಕಟ್ಟಿಕೊಡುತ್ತಾರಾ, ಕೇಳಿ. ನಿಮ್ಮದು ಇವತ್ತಿನ ನಿಜವಾದ ಪ್ರಶ್ನೆ, ಕುಳಿತು ಬರೆಯುತ್ತೇನೆ.
ವ್ಯಾಪಾರ ಸೊನ್ನೆಯಾದರೂ ಪ್ರತಿ ವರ್ಷ ಎಒಸಿ-4 (ಹಣಕಾಸು ಲೆಕ್ಕ), ಎಂಜಿಟಿ-7ಎ (ವಾರ್ಷಿಕ ವಿವರ) ಫಾರಂ ಸಲ್ಲಿಸಲೇಬೇಕು. ತಡವಾದರೆ ಒಂದೊಂದು ಫಾರಂಗೂ ದಿನಕ್ಕೆ 100 ರೂಪಾಯಿ. ಒಂದು ವರ್ಷ ತಡ ಅಂದರೆ ಎರಡು ಫಾರಂಗೆ 73,000. ಇದು ಒಂದು ಹಣಕಾಸು ವರ್ಷದ ಲೆಕ್ಕಕ್ಕೆ ಮಾತ್ರ. ಮಳೆಯಲ್ಲಿ ತೋಟದ ಕಳೆ ಬೆಳೆದ ಹಾಗೆ, ನೀವು ಮಲಗಿದ್ದರೂ ಬೆಳೆಯುತ್ತದೆ.
ದುಡ್ಡಿಗಿಂತ ನನಗೆ ಭಯ ಬೇರೆಯದು. ಸತತ ಮೂರು ಹಣಕಾಸು ವರ್ಷದ ಲೆಕ್ಕ ಸಲ್ಲಿಸದಿದ್ದರೆ ನಿರ್ದೇಶಕರು 5 ವರ್ಷ ಅನರ್ಹರು. ಇನ್ಯಾವ ಕಂಪನಿಗೂ ನಿರ್ದೇಶಕರಾಗುವಂತಿಲ್ಲ. 23–24ರ ವಯಸ್ಸಿಗೆ ಇದು ಬೇಕಾ? ಮೂರನೇ ವರ್ಷದ ಲೆಕ್ಕ ತಪ್ಪುವ ಮೊದಲು ಎಚ್ಚೆತ್ತುಕೊಳ್ಳಿ.
ಕಂಪನಿ ಮುಚ್ಚಲು ಎಸ್‌ಟಿಕೆ-2 ಅನ್ನುವ ಅರ್ಜಿ, ಶುಲ್ಕ 10,000. ಅದಕ್ಕೂ ಮೊದಲು ಬಾಕಿ ಲೆಕ್ಕ ಕೊಡಬೇಕು. ನಿರ್ದೇಶಕರೆಲ್ಲರೂ ಅಫಿಡವಿಟ್, ಬಾಂಡ್‌ಗೆ ಸಹಿ ಹಾಕಬೇಕು. ಬೆಂಗಳೂರಿನವನೂ. ವಾಟ್ಸಾಪ್ ಗುಂಪು ಬಿಟ್ಟರೆ ನಿರ್ದೇಶಕರ ಬೋರ್ಡ್ ಬಿಟ್ಟ ಹಾಗಲ್ಲ. ರಾಜೀನಾಮೆ ಬರೆದು ಕೊಟ್ಟರೂ ಷೇರು ಅವನ ಹತ್ತಿರವೇ ಇರುತ್ತದೆ. ‘ನಾಲ್ಕು ವರ್ಷ ದುಡಿದರೆ ಪೂರ್ತಿ ಪಾಲು, ಮೊದಲ ವರ್ಷವೇ ಬಿಟ್ಟರೆ ಏನಿಲ್ಲ’ ಅಂತ ಕಂಪನಿ ತೆರೆದ ದಿನವೇ ಬರೆದುಕೊಳ್ಳಬೇಕಿತ್ತು. ಪಿಚ್ ಹೇಳಿಕೊಟ್ಟ ಕಾಲೇಜು ಇದನ್ನು ಹೇಳಲಿಲ್ಲವಾ?

ಉಪನ್ಯಾಸಕ: ಕಾಲೇಜನ್ನು ಯಾಕೆ ಎಳೆಯುತ್ತೀರಿ ಮೇಡಂ? ಕೇಂದ್ರದ 2019ರ ವಿದ್ಯಾರ್ಥಿ ಸ್ಟಾರ್ಟಪ್ ನೀತಿ ಪ್ರಕಾರ ನಾವು ಜಾಗ, ಮಾರ್ಗದರ್ಶನ ಎಲ್ಲ ಕೊಡುತ್ತೇವೆ.

ಗೋಣಿಕೊಪ್ಪ, ಬೆಳೆಗಾರ: ಅದೇ ನೀತಿಯಲ್ಲಿ ಕಾಲೇಜು 2ರಿಂದ 9.5 ಶೇಕಡಾ ಪಾಲು ಕೇಳಬಹುದು ಅಂತಲೂ ಇದೆ. ಅದನ್ನೂ ಹೇಳಿ. ಒಂದು ಕೋಣೆ, ಒಂದು ವೈಫೈ, ಅದಕ್ಕೆ ಪಾಲು!

ಉಪನ್ಯಾಸಕ: ಲ್ಯಾಬ್ ಖರ್ಚು ನಿಮ್ಮ ತೋಟದಿಂದ ಬರುತ್ತದಾ?

ಗೋಣಿಕೊಪ್ಪ, ಬೆಳೆಗಾರ: ಹುಡುಗರು ಸಾಧನ ಪರೀಕ್ಷೆ ಮಾಡಿದ್ದು ನಿಮ್ಮ ಲ್ಯಾಬಲ್ಲಲ್ಲ, ನಮ್ಮಂಥವರ ಕಣದಲ್ಲಿ. ನಾವು ಪಾಲು ಕೇಳಿದೆವಾ?

ಶನಿವಾರಸಂತೆ: ಇಬ್ಬರೂ ಪಕ್ಕದ ಗುಂಪಿಗೆ ಹೋಗಿ ಜಗಳ ಆಡಿ.

ಮೂರ್ನಾಡು: ಪೊನ್ನಂಪೇಟೆಯವರೇ, ಹೆದರಬೇಡಿ. 2020ರಲ್ಲಿ ದಂಡ ಮನ್ನಾ ಬಂದಿತ್ತು. ಮತ್ತೆ ಬರುತ್ತದೆ, ಕಾಯಿರಿ.

ಸಿಎ: ಬಂದರೆ ಬಳಸಿಕೊಳ್ಳಲಿ. ಬರುತ್ತದೆ ಅಂತ ಕಾಯುವುದು ಲಾಟರಿ. ಇಂಥ ಸಲಹೆ ಕೇಳಿಯೇ ಅವರು ಇಲ್ಲಿಗೆ ಬಂದಿದ್ದು.

ವಿರಾಜಪೇಟೆ, ಬಿಎಸ್ಸಿ: ಹಾಜರಾತಿ ಬಗ್ಗೆ ಯಾರಾದರೂ…

ಸುಂಟಿಕೊಪ್ಪ: 20 ಲಕ್ಷಕ್ಕೆ ಅರ್ಜಿ ಎಲ್ಲಿ ಸಿಗುತ್ತದೆ ಮೇಡಂ?

ಸಿಎ: ಮೇಲೆ ಓದಿ.

ಸೋಮವಾರಪೇಟೆ, ಪೋಷಕರು: ನಾನು ಆಗಲೇ 1,499 ಕಟ್ಟಿಬಿಟ್ಟೆ. ಈಗ ಓಟಿಪಿ ಕೇಳುತ್ತಿದ್ದಾರೆ.

ಸಿಎ: ಕೊಡಬೇಡಿ!! ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ಹೇಳಿ. ಫಾರ್ವರ್ಡ್ ಮಾಡುವ ಮೊದಲು ಒಂದು ಸಲ ಕೇಳಬಾರದಿತ್ತಾ?

ಬೆಂಗಳೂರು: ಎಲ್ಲ ಓದುತ್ತಾ ಇದ್ದೇನೆ. ಆ ‘ಬಿಟ್ಟು ಹೋದವನು’ ನಾನೇ. ಆ ಸಾಧನದ ಕೋಡ್ ಪೂರ್ತಿ ಬರೆದವನೂ ನಾನೇ. ಮನೆಯ ಸಾಲ ಇತ್ತು, ಕೆಲಸಕ್ಕೆ ಬಂದೆ. ಇವರಿಗೆ ಅದು ಗೊತ್ತು.

ಪೊನ್ನಂಪೇಟೆ: ಫೋನ್ ಎತ್ತದೆ ಇಲ್ಲಿ ಬಂದು ಬರೀತೀಯಾ?

ಸಿಎ: ಇಬ್ಬರೂ ತಡೆಯಿರಿ. ಕೋಡ್ ಕಂಪನಿಗೆ ಅಂತ ಸಹಿ ಹಾಕಿದ ಕಾಗದ ಇದೆಯಾ? ಸಂಬಳಕ್ಕೆ ಇದ್ದಿರಾ?

ಬೆಂಗಳೂರು: ಎರಡೂ ಇಲ್ಲ.

ಸಿಎ: ಹಾಗಾದರೆ ಕಾಪಿರೈಟ್ ನಿಮ್ಮದೇ. ಅವರ ಹತ್ತಿರ ಇರುವುದು ಖಾಲಿ ಡಬ್ಬ. ದಂಡ ಮಾತ್ರ ಮೂವರ ತಲೆ ಮೇಲೂ ಇದೆ. ಶನಿವಾರ ಮೂವರೂ ನನ್ನ ಆಫೀಸಿಗೆ ಬನ್ನಿ. ಅಪ್ಪಂದಿರು ಬೇಡ.

ಗೋಣಿಕೊಪ್ಪ, ಬೆಳೆಗಾರ: ನನ್ನ ಕಣದಲ್ಲಿ ಬಿಟ್ಟುಹೋದ ಡಬ್ಬ ಆ ದಿನ ತರಲಾ?

ಅಡ್ಮಿನ್: ಇವತ್ತಿಗೆ ಸಾಕು. ಗುಂಪು ಮುಚ್ಚಿದೆ.