ಹಚ್ಚೆ ಹಾಕಿಸಿ ಐದು ದಿನ: ಪೊರೆಯೊಳಗೆ ನೀರು, ಚರ್ಮ ಬಿಳಿಚಿಕೊಂಡಿದೆ, ಸುತ್ತ ಗುಳ್ಳೆ

ತುಂಗಾತೀರ:

ಎಡ ಮುಂಗೈ ಒಳಮೈಗೆ ಹಚ್ಚೆ ಹಾಕಿಸಿ ಇವತ್ತಿಗೆ ಐದು ದಿನ. 5 ಇಂಚು ಉದ್ದ, 3 ಇಂಚು ಅಗಲ. ಕಪ್ಪು ಗೆರೆ, ಬೂದು ಶೇಡಿಂಗ್, ನಡುವೆ ಒಂದು ಕೆಂಪು ಹೂವು. ಮೊದಲ ಸೆಕೆಂಡ್ ಸ್ಕಿನ್ ಪೊರೆ (ಹೊಸ ಹಚ್ಚೆಯ ಮೇಲೆ ಅಂಟಿಸುವ ತೆಳು ಪ್ಲಾಸ್ಟಿಕ್ ಹಾಳೆ) 24 ಗಂಟೆ ಇತ್ತು. ಅದನ್ನು ತೆಗೆದು ತೊಳೆದು ಎರಡನೆಯದು ಅಂಟಿಸಿದರು, ಐದು ದಿನ ಮುಟ್ಟಬೇಡಿ ಅಂದರು. ಊರು ತೀರ್ಥಹಳ್ಳಿ ಕಡೆ, ಮಳೆ ಹೊಳವು ಕೊಟ್ಟಿಲ್ಲ. ದಿನವಿಡೀ ರೇನ್‌ಕೋಟಿನಲ್ಲೇ ತೋಟ, ಕೊಟ್ಟಿಗೆ.

ನಿನ್ನೆಯಿಂದ ಮೊಣಕೈ ಕಡೆಯ ಅಂಚು ಎದ್ದು ಒಳಗೆ ನೀರು ಸೇರಿದೆ. ಅಲ್ಲಿನ ಚರ್ಮ ಬಿಳಿಚಿ ಸುಕ್ಕಾಗಿದೆ. ಪೊರೆಯ ಅಂಚಿನ ಸುತ್ತ ಸಾಸಿವೆ ಗಾತ್ರದ ಗುಳ್ಳೆ, ತುರಿಕೆ. ಒದ್ದೆ ಬಟ್ಟೆಯ ವಾಸನೆ. ಜ್ವರ ಇಲ್ಲ, ನೋವು ದಿನದಿಂದ ದಿನಕ್ಕೆ ಕಡಿಮೆಯೇ ಆಗಿದೆ. ಪೊರೆ ತೆಗೆದ ಮೇಲೆ ಪೆಟ್ರೋಲಿಯಂ ಜೆಲ್ಲಿಯನ್ನು ದಿನಕ್ಕೆ ನಾಲ್ಕೈದು ಸಲ ದಪ್ಪಗೆ ಹಚ್ಚಲು ಹೇಳಿದ್ದಾರೆ. ಮನೆಯಲ್ಲಿ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚು ಅಂತ ಒತ್ತಾಯ. ಮನೆಗೆ ಬರುವುದು ಗುಡ್ಡದಿಂದ ಹರಿದು ಬರುವ ಅಬ್ಬಿ ನೀರು, ಈಗ ಕೆಂಪಗಿದೆ. ಪೊರೆ ಇನ್ನೊಂದು ದಿನ ಇಡಲೋ, ತೆಗೆಯಲೋ?

ಸೂಜಿಮೊನೆ:

ಈಗಲೇ ತೆಗೀರಿ. ಐದು ದಿನದ ಲೆಕ್ಕವೆಲ್ಲ ಅಂಚು ಭದ್ರವಾಗಿ ಅಂಟಿಕೊಂಡಿರುವವರೆಗೆ ಮಾತ್ರ. ಒಂದು ಕಡೆ ಬಾಯಿ ಬಿಟ್ಟರೆ ಅದು ಪೊರೆಯಲ್ಲ, ಚೀಲ. ಹೊರಗಿನ ನೀರು ಒಳಗೆ ಹೋಗುತ್ತದೆ, ಬೆಚ್ಚಗೆ ಅಲ್ಲೇ ಕೂರುತ್ತದೆ. ಮೇಲೆ ಟೇಪ್ ಹಾಕಿ ಮುಚ್ಚುವ ಯೋಚನೆ ಬೇಡ.

ಒಣ ಕೈಯಲ್ಲಿ ಮೇಲಕ್ಕೆ ಎಳೆಯಬೇಡಿ. ಉಗುರುಬೆಚ್ಚಗಿನ ನೀರು ಸುರಿಯುತ್ತಾ, ಎದ್ದಿರುವ ಅಂಚನ್ನು ಹಿಡಿದು ಚರ್ಮಕ್ಕೆ ಸಮಾನಾಂತರವಾಗಿ ಹಿಗ್ಗಿಸಿ. ಹಿಗ್ಗಿದ ಹಾಗೆ ಅಂಟು ತಾನಾಗಿ ಬಿಡುತ್ತದೆ. ಒಳಗಿನಿಂದ ಕಪ್ಪು-ಕಂದು ಲೋಳೆ ಬಂದರೆ ಗಾಬರಿ ಬೇಡ, ಗಾಯದ ರಸದ ಜೊತೆ ಹೆಚ್ಚಾದ ಇಂಕು ಸೇರಿದರೆ ಹಾಗೇ ಕಾಣುತ್ತದೆ. ಇಂಕು ನಿಲ್ಲುವುದು ಮೇಲ್ಪದರದ ಕೆಳಗೆ, ಸುಮಾರು 1ರಿಂದ 2 ಮಿಲಿಮೀಟರ್ ಆಳದಲ್ಲಿ. ಅದು ತೊಳೆದರೆ ಹೋಗುವುದಿಲ್ಲ.

ಆಮೇಲೆ ಬಟಾಣಿ ಕಾಳಿನಷ್ಟು ವಾಸನೆಯಿಲ್ಲದ ದ್ರವ ಸೋಪನ್ನು ಅಂಗೈಯಲ್ಲಿ ನೊರೆ ಮಾಡಿ, ಬೆರಳ ತುದಿಯಿಂದ ಅರ್ಧ ನಿಮಿಷ ಸವರಿ ತೊಳೆಯಿರಿ. ನಾರು, ಸ್ಕ್ರಬ್ ತಾಗಿಸಬೇಡಿ. ಬಚ್ಚಲ ಹಂಡೆಯ ಸುಡುನೀರನ್ನು ನೇರ ಹೊಯ್ದುಕೊಳ್ಳಬೇಡಿ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕೀಟಾಣುವಿನ ಜೊತೆ ಹೊಸದಾಗಿ ಹುಟ್ಟುತ್ತಿರುವ ಚರ್ಮವನ್ನೂ ಸುಡುತ್ತವೆ.

ನಿಮ್ಮಲ್ಲಿ ನಿಜವಾದ ಕೆಲಸ ಇರುವುದು ಒರೆಸುವುದರಲ್ಲಿ. ಹಚ್ಚೆಯ ಬಗ್ಗೆ ಓದಲು ಸಿಗುವ ಸಲಹೆ ಬಹುಪಾಲು ಒಣಹವೆಯ ಊರಿನದು, ಅಲ್ಲಿ ಚರ್ಮ ಬಿರಿಯುತ್ತದೆ ಅಂತ ಮತ್ತೆ ಮತ್ತೆ ಹಚ್ಚಿಸುತ್ತಾರೆ. ಆಷಾಢದ ಮಲೆನಾಡಿನಲ್ಲಿ ಗಾಳಿಯೇ ಒದ್ದೆ, ಇಲ್ಲಿ ಚರ್ಮ ಕೊಳೆಯುತ್ತದೆ. ಬಿಳಿಚಿ ಸುಕ್ಕಾಗಿದೆ ಅಂದಿರಲ್ಲ, ಗದ್ದೆ ನಟ್ಟಿ ಮಾಡಿದವರ ಕಾಲ್ಬೆರಳ ಸಂದು ಆಗುವುದೂ ಅದೇ. ನೀರು ಕುಡಿದ ಮೇಲ್ಪದರ ಮೆತ್ತಗಾಗಿ, ಉಜ್ಜಿದರೆ ಕಿತ್ತು ಬರುತ್ತದೆ, ಜೊತೆಗೆ ಇಂಕೂ. ಅದಕ್ಕೇ ಉಜ್ಜದೆ ಒತ್ತಿ ಒರೆಸಬೇಕು.

ಮಳೆಗಾಲದ ಟವೆಲ್ಲನ್ನು ನಂಬಬೇಡಿ. ಹಳೆಯ ಹತ್ತಿ ಪಂಚೆಯಿಂದ ಕರವಸ್ತ್ರದಳತೆಯ ಎಂಟು ತುಂಡು ಕತ್ತರಿಸಿ, ಹತ್ತು ನಿಮಿಷ ಕುದಿಸಿ, ಪೂರಾ ಒಣಗುವವರೆಗೆ ಇಸ್ತ್ರಿ ಮಾಡಿ ಮುಚ್ಚಳದ ಡಬ್ಬಿಯಲ್ಲಿಡಿ. ಒಂದು ಸಲಕ್ಕೆ ಒಂದು ತುಂಡು. ಒರೆಸಿದ ಮೇಲೆ ಮೂರ್ನಾಲ್ಕು ಅಡಿ ದೂರದಿಂದ ಟೇಬಲ್ ಫ್ಯಾನ್ ಗಾಳಿ, 15 ನಿಮಿಷ. ಕರೆಂಟಿಲ್ಲದಿದ್ದರೆ ಬೀಸಣಿಗೆಯೇ ಸಾಕು. ಹೊಡಸಲಿನ (ಚಳಿ ಕಾಯಿಸುವ ಒಲೆಯ) ಬೆಂಕಿಗೆ ಕೈ ಹಿಡಿಯಬೇಡಿ, ಶಾಖಕ್ಕೆ ಊತ ಏರುತ್ತದೆ, ಬೂದಿ ಹಾರಿ ಕೂರುತ್ತದೆ. ತೊಳೆಯುವುದು ಬೆಳಿಗ್ಗೆ, ಸಂಜೆ, ಮತ್ತು ತೋಟದಿಂದ ಬಂದ ಕೂಡಲೇ.

ಬಿಳಿಚಿದ್ದು ಹೋಗಿ ಚರ್ಮ ಗುಲಾಬಿ ಬಣ್ಣಕ್ಕೆ ಬರುವವರೆಗೆ ಅಲ್ಲಿ ಏನನ್ನೂ ಹಚ್ಚಬೇಡಿ. ಒಂದೂವರೆ ಎರಡು ದಿನ ಹಿಡಿಯಬಹುದು. ಆಮೇಲೆ ವಾಸನೆಯಿಲ್ಲದ ಸಾದಾ ಲೋಷನ್. ಅಳತೆ ಬೇಕೆಂದರೆ, ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬ್ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಬೆರಳೂ ಸೇರಿ ಎರಡು ಅಂಗೈ ಅಗಲಕ್ಕೆ ಸಾಕಾಗುತ್ತದೆ. ನಿಮ್ಮ ಹಚ್ಚೆಗೆ ಅದರ ಮೂರನೇ ಒಂದು ಭಾಗ, ಅಂದರೆ ಮೂರು ಹೆಸರುಕಾಳಿನಷ್ಟು. ಹಚ್ಚಿದ ಮೇಲೆ ಮಿರಮಿರ ಹೊಳೆದರೆ ಹೆಚ್ಚಾಯಿತು ಅಂತ, ಒತ್ತಿ ತೆಗೆಯಿರಿ.

ಗುಳ್ಳೆಯ ಆಕಾರ ನೋಡಿ ಹೇಳಿ. ಪೊರೆ ಎಲ್ಲಿ ಅಂಟಿತ್ತೋ ಅಷ್ಟಕ್ಕೇ, ಗೆರೆ ಕೊಯ್ದ ಹಾಗೆ ಚೌಕಾಕಾರವಾಗಿ ಕೆಂಪಾಗಿದ್ದರೆ ಅಂಟಿನ ಅಲರ್ಜಿ. ಪ್ರತಿ ಗುಳ್ಳೆಯ ನಡುವೆ ಕೂದಲಿದ್ದರೆ ಕೂದಲ ಬುಡದ ಉರಿಯೂತ. ನೀರಿನಂತೆ ತಿಳಿಯಾಗಿ, ಮುಟ್ಟಿದರೆ ಒಡೆಯುವಂತಿದ್ದರೆ ಬೆವರುಸಾಲೆ.

ಕವಲೇದುರ್ಗ_ಕಪ್ಪು:

ಜೆಲ್ಲಿ ಪೂರ್ತಿ ತಪ್ಪು ಅನ್ನುವ ಹಾಗೆ ಹೋಗಬಾರದು. ಮೊದಲೆರಡು ದಿನ ಗಾಯ ಹಸಿಯಿದ್ದಾಗ ತೆಳ್ಳಗೆ ಹಚ್ಚಿದರೆ ಬಟ್ಟೆ ಅಂಟುವುದಿಲ್ಲ, ದಪ್ಪ ಹೊಪ್ಪಳೆ ಕಟ್ಟುವುದಿಲ್ಲ.

ಸೂಜಿಮೊನೆ:

ಒಪ್ಪಿದೆ. ಆದರೆ ಇದು ಐದನೇ ದಿನ, ಮೇಲೆ ರೇನ್‌ಕೋಟು. ಜೆಲ್ಲಿ ನೀರನ್ನು ಹೊರಬಿಡುವುದಿಲ್ಲ. ಅದರ ಮೇಲೆ ರಬ್ಬರಿನ ತೋಳು ಬಂದರೆ ಒಳಗೆ ಇಡ್ಲಿ ಬೇಯಿಸಿದ ಹಾಗೆ. ಏನೂ ಹಚ್ಚದೆ ಒಣಗಿಸುವವರೂ ಇದ್ದಾರೆ, ಮಳೆಗಾಲದಲ್ಲಿ ಆ ದಾರಿಯೂ ತಪ್ಪಲ್ಲ. ಮೊಣಕೈ ಮಡಿಕೆಯ ಹತ್ತಿರ ಬಿರಿದರೆ ಮಾತ್ರ ಲೋಷನ್ ಬೇಕೇಬೇಕು.

ಅರಿಶಿನದ ಮಾತು. ಅಡುಗೆಮನೆಯ ಪುಡಿ ಕ್ರಿಮಿರಹಿತವಲ್ಲ ಅನ್ನುವುದು ಒಂದು. ಅದಕ್ಕಿಂತ ದೊಡ್ಡ ತೊಂದರೆ, ಅದರ ಹಳದಿಯ ಅಡಿಯಲ್ಲಿ ಕೆಂಪು ಎಷ್ಟು ಹರಡಿದೆ, ಕೀವು ಬಂತೇ ಅನ್ನುವುದೇ ಕಾಣುವುದಿಲ್ಲ. ಮಳೆಗಾಲದಲ್ಲಿ ಕೊಬ್ಬರಿಗೆ ಬೂಸ್ಟು ಹಿಡಿಯುವುದು ಗೊತ್ತಿರುವುದೇ, ಅದರಿಂದ ಆಡಿಸಿದ ಎಣ್ಣೆ ಗಾಯಕ್ಕಲ್ಲ. ಚರ್ಮ ಮುಚ್ಚಿದ ಮೇಲೆ, ಮೂರು ವಾರ ಕಳೆದು, ಬೇಕಾದರೆ ಹಚ್ಚಲಿ.

ಹಸಿರು_ಚೀಟಿ:

ಅಬ್ಬಿ ನೀರಿನ ಬಗ್ಗೆ ಯಾರೂ ಹೇಳಲಿಲ್ಲ. ಗುಡ್ಡದಿಂದ ದಂಬೆ (ಸೀಳಿದ ಅಡಿಕೆ ಮರ), ಪೈಪಿನಲ್ಲಿ ಬರುವ ಕೆಂಪು ನೀರನ್ನು ಹಸಿ ಹಚ್ಚೆಗೆ ನೇರವಾಗಿ ಹೊಯ್ಯಬಾರದು. ಒಂದು ಗಂಟೆ ತಿಳಿಯಾಗಲು ಬಿಡಿ, ಬಟ್ಟೆಯಲ್ಲಿ ಸೋಸಿ, ಕುದಿ ಬಂದ ಮೇಲೆ ಐದು ನಿಮಿಷ ಕುದಿಸಿ, ಮುಚ್ಚಿ ಆರಿಸಿ. ಒಂದು ಹೊತ್ತಿಗೆ ಎರಡು ಲೀಟರ್ ಸಾಕು. ಮರುದಿನಕ್ಕೆ ಉಳಿಸಬೇಡಿ. ತುಂಗೆ, ಕೆರೆ, ಹಳ್ಳದಲ್ಲಿ ಮುಳುಗುವುದು ನಾಲ್ಕು ವಾರ ಇಲ್ಲವೇ ಇಲ್ಲ.

ಕೊಟ್ಟಿಗೆ, ಗದ್ದೆ ಕೆಲಸವಿದ್ದರೆ ಇಲಿ ಜ್ವರವನ್ನು ಮರೆಯಬೇಡಿ. ಇಲಿ, ದನಗಳ ಮೂತ್ರ ಬೆರೆತ ನೀರು-ಕೆಸರಿನಿಂದ ಆ ರೋಗಾಣು ಬಿರಿದ ಚರ್ಮದ ಮೂಲಕ ಒಳಹೋಗಬಲ್ಲದು, ಹೊಸ ಹಚ್ಚೆ ಅಂದರೆ ಬಾಗಿಲು ತೆರೆದಿಟ್ಟ ಹಾಗೆ. ಸಾಮಾನ್ಯವಾಗಿ 5ರಿಂದ 14 ದಿನದಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಶುರುವಾಗುತ್ತದೆ. ಹಾಗಾದರೆ ಆಸ್ಪತ್ರೆಯಲ್ಲಿ ಹಚ್ಚೆಯ ವಿಷಯ, ಕೆಸರಿನ ವಿಷಯ ಎರಡನ್ನೂ ಹೇಳಿ. ಹಚ್ಚೆ ನೋಡಿ ಬೈಯುತ್ತಾರೆ ಅಂತ ತೋಳು ಮುಚ್ಚಿಕೊಂಡು ಕೂತವರಿಗೆ ಬರೀ ಪ್ಯಾರಾಸಿಟಮಾಲ್ ಸಿಗುತ್ತದೆ.

ಉಂಬಳ (ಜಿಗಣೆ) ಹತ್ತಿದರೆ ಹಚ್ಚೆಯ ಹತ್ತಿರ ಉಪ್ಪು, ಸುಣ್ಣ, ಹೊಗೆಸೊಪ್ಪು ಹಾಕಬೇಡಿ. ಉಗುರಿನಿಂದ ಬಾಯಿಯ ಕಡೆ ಒತ್ತಿ ಪಕ್ಕಕ್ಕೆ ಸರಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲವಾದ್ದರಿಂದ ಸ್ವಲ್ಪ ಹೊತ್ತು ಸೋರುತ್ತದೆ, ಶುಭ್ರ ಬಟ್ಟೆ ಒತ್ತಿ ಹಿಡಿದರಾಯಿತು. ಧನುರ್ವಾಯು ಚುಚ್ಚುಮದ್ದು ಹಾಕಿಸಿ ಹತ್ತು ವರ್ಷ ದಾಟಿದ್ದರೆ ಈ ನೆಪದಲ್ಲಿ ಹಾಕಿಸಿಕೊಳ್ಳಿ.

ತುಂಗಾತೀರ (7ನೇ ದಿನ):

ಪೊರೆ ಆವತ್ತೇ ತೆಗೆದೆ. ಬಿಳಿಚಿದ್ದು ಎರಡು ದಿನದಲ್ಲಿ ಹೋಯಿತು, ವಾಸನೆ ಇಲ್ಲ. ಗುಳ್ಳೆ ಚೌಕಾಕಾರವೇ ಇತ್ತು, ಇಳಿಯುತ್ತಿದೆ. ಈಗ ಕಪ್ಪು ಪುಡಿ, ಸಿಪ್ಪೆ ಉದುರುತ್ತಿದೆ. ಬೂದು ಭಾಗ ಮಂಜು ಕವಿದ ಹಾಗಿದೆ, ಎರಡು ಕಡೆ ಬಣ್ಣವೇ ಹೋದಂತಿದೆ. ರಾತ್ರಿ ತುರಿಕೆ ತಡೆಯಲಾಗುತ್ತಿಲ್ಲ. ಔಷಧಿ ಅಂಗಡಿಯಲ್ಲಿ ಒಂದು ಕ್ರೀಮ್ ಕೊಟ್ಟಿದ್ದಾರೆ, ತುರಿಕೆ, ಹುಳುಕಡ್ಡಿ, ಸೋಂಕು ಎಲ್ಲಕ್ಕೂ ಆಗುತ್ತದಂತೆ.

ಸೂಜಿಮೊನೆ:

ಹಾಗಾದರೆ ಅಂಟಿನ ಅಲರ್ಜಿಯೇ. ಮುಂದೆ ಎಲ್ಲಿ ಹಾಕಿಸಿದರೂ ಮೊದಲೇ ಹೇಳಿ, ಪೊರೆ ಬಿಟ್ಟು ಮಾಡುತ್ತಾರೆ.

ಸಿಪ್ಪೆ ಸರಿಯಾದ ಹೊತ್ತಿಗೇ ಬಂದಿದೆ. ನಾಲ್ಕನೇ ದಿನದಿಂದ ಎರಡನೇ ವಾರದ ಕೊನೆವರೆಗೂ ಉದುರಬಹುದು. ಉದುರುವುದು ಮೇಲಿನ ಸತ್ತ ಪದರ, ಅದರಲ್ಲಿ ಸಿಕ್ಕಿಕೊಂಡ ಇಂಕಿನಿಂದ ಪುಡಿ ಕಪ್ಪು. ಕೆಳಗೆ ಬಂದ ಹೊಸ ಚರ್ಮ ಇನ್ನೂ ಪಾರದರ್ಶಕವಾಗಿಲ್ಲ, ಆ ಮಂಜು ಅದೇ, ನಾಲ್ಕರಿಂದ ಆರು ವಾರದಲ್ಲಿ ತಿಳಿಯಾಗುತ್ತದೆ. ಬಣ್ಣ ಹೋಯಿತೋ ಇಲ್ಲವೋ ಅಂತ ಈಗಲೇ ತೀರ್ಮಾನಿಸುವುದು ಅನ್ನ ಅರ್ಧ ಬೆಂದಾಗ ಅಕ್ಕಿಯನ್ನು ದೂರಿದ ಹಾಗೆ. ಸಿಪ್ಪೆ ನೇತಾಡುತ್ತಿದ್ದರೂ ಎಳೆಯಬೇಡಿ.

ತುರಿಕೆಗೆ ಉಗುರು ಬೇಡ, ಶುಭ್ರ ಅಂಗೈಯಿಂದ ಮೆಲ್ಲಗೆ ತಟ್ಟಿ. ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಐಸ್ ಸುತ್ತಿ ಐದು ನಿಮಿಷ ಇಡಿ, ಒದ್ದೆಯಾದರೆ ಒರೆಸಿ ಒಣಗಿಸಿ. ನಿದ್ದೆಗೆಡಿಸಿದರೆ ರಾತ್ರಿ ಸೆಟಿರಿಜಿನ್ 10 ಮಿಲಿಗ್ರಾಂ ಒಂದು. ಗರ್ಭಿಣಿಯರು, ಮೂತ್ರಪಿಂಡದ ತೊಂದರೆಯವರು, ಬೇರೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಬೇಡ. ಅದನ್ನು ನುಂಗಿ ಬೈಕ್ ಹತ್ತಿ ಘಾಟಿ ಇಳಿಯುವುದೂ ಬೇಡ.

ಆ ಕ್ರೀಮನ್ನು ವಾಪಸ್ ಕೊಡಿ. ಎಲ್ಲಕ್ಕೂ ಆಗುವ ಕ್ರೀಮ್ ಅಂದರೆ ಸಾಮಾನ್ಯವಾಗಿ ಸ್ಟೆರಾಯ್ಡ್, ಶಿಲೀಂಧ್ರನಾಶಕ, ಆಂಟಿಬಯೋಟಿಕ್ ಮೂರೂ ಒಂದೇ ಟ್ಯೂಬಿನಲ್ಲಿ. ಹಿಂದೆ ಬರೆದಿರುವುದರಲ್ಲಿ ಬೆಟಾಮೆಥಾಸೋನ್, ಕ್ಲೋಬೆಟಾಸೋಲ್ ಅಂತಿದೆಯೇ ನೋಡಿ. ಸ್ಟೆರಾಯ್ಡ್ ತುರಿಕೆಯನ್ನು ಎರಡೇ ದಿನದಲ್ಲಿ ನಿಲ್ಲಿಸುತ್ತದೆ, ಗಾಯ ಕೂಡುವುದನ್ನೂ ನಿಧಾನ ಮಾಡುತ್ತದೆ, ಚರ್ಮ ತೆಳುವಾಗಿಸುತ್ತದೆ. ಅಡಿಯಲ್ಲಿ ಹುಳುಕಡ್ಡಿ ಇದ್ದರೆ ಗುರುತೇ ಸಿಗದ ಹಾಗೆ ಹಬ್ಬಿಸುತ್ತದೆ. ನಿಯೋಮೈಸಿನ್ ಇರುವ ಮುಲಾಮು ಕೆಲವರಿಗೆ ತಾನೇ ಅಲರ್ಜಿ ತರುತ್ತದೆ. ಸೋಂಕಿಲ್ಲದ ಹಚ್ಚೆಗೆ ಆಂಟಿಬಯೋಟಿಕ್ ಏಕೆ?

ಹಸಿರು_ಚೀಟಿ:

ಸೋಂಕು ಹೌದೋ ಅಲ್ಲವೋ ತಿಳಿಯಲು, ಕೆಂಪಿನ ಅಂಚಿನುದ್ದಕ್ಕೂ ಪೆನ್ನಿನಿಂದ ಗೆರೆ ಎಳೆಯಿರಿ. ಹಚ್ಚೆ ಹಾಕಿಸಿ ಮೂರು ದಿನ ಕಳೆದ ಮೇಲೂ ಕೆಂಪು ಆ ಗೆರೆಯನ್ನು ದಾಟಿ ಹರಡುತ್ತಿದ್ದರೆ, ಇಳಿಯಬೇಕಾದ ನೋವು ಏರುತ್ತಿದ್ದರೆ, ಹಳದಿ-ಹಸಿರು ಕೀವು ಬಂದರೆ ಅದೇ ದಿನ ವೈದ್ಯರು. ಕಂಕುಳ ಕಡೆಗೆ ಕೆಂಪು ಎಳೆ ಏರಿದರೆ, ಚಳಿಜ್ವರ ಬಂದರೆ ಬೆಳಗಾಗುವುದನ್ನೂ ಕಾಯಬೇಡಿ.

ನಿಧಾನಕ್ಕೆ ಬರುವ ಎರಡನ್ನು ಮಳೆಯ ತಲೆಗೆ ಕಟ್ಟಿ ಸುಮ್ಮನಾಗಬೇಡಿ. ಬೂದು ಶೇಡಿಂಗ್ ಇರುವಷ್ಟೇ ಜಾಗದಲ್ಲಿ ಒಂದರಿಂದ ಮೂರು ವಾರದ ನಂತರ ಕೆಂಪು ಗುಳ್ಳೆ ಎದ್ದರೆ, ಕಪ್ಪು ಇಂಕನ್ನು ತೆಳು ಮಾಡಲು ಕ್ರಿಮಿರಹಿತವಲ್ಲದ ನೀರು ಬಳಸಿರಬಹುದು. ಆ ನೀರಿನಲ್ಲಿರುವ ಮೈಕೋಬ್ಯಾಕ್ಟೀರಿಯ ಎಂಬ ರೋಗಾಣು ಸಾಮಾನ್ಯ ಆಂಟಿಬಯೋಟಿಕ್‌ಗೆ ಜಗ್ಗುವುದಿಲ್ಲ. ಚರ್ಮದ ಚೂರು ತೆಗೆದು ಪರೀಕ್ಷಿಸಬೇಕು, ಚಿಕಿತ್ಸೆ ತಿಂಗಳುಗಟ್ಟಲೆ. ಇನ್ನೊಂದು ನಿಮ್ಮ ಕೆಂಪು ಹೂವು. ಬಣ್ಣಗಳಲ್ಲಿ ಹೆಚ್ಚು ಅಲರ್ಜಿ ತರುವುದು ಕೆಂಪು, ಅದೂ ವಾರ ಅಥವಾ ತಿಂಗಳುಗಳ ಮೇಲೆ. ಕೆಂಪು ಭಾಗ ಮಾತ್ರ ಉಬ್ಬಿ ಗಟ್ಟಿಯಾಗಿ ತುರಿಸಿದರೆ ಚರ್ಮದ ವೈದ್ಯರ ಹತ್ತಿರ ಹೋಗಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ.

ಅಂದಹಾಗೆ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ. ಶಿಬಿರದಲ್ಲಿ ಕೇಳಿದರೆ ಮುಚ್ಚಿಡಬೇಡಿ.

ತುಂಗಾತೀರ:

ಕೆಂಪು ಗೆರೆ ದಾಟಿಲ್ಲ. ಕ್ರೀಮ್ ವಾಪಸಾಯಿತು. ಕೊನೆಯದಾಗಿ: ಇನ್ನು ಹತ್ತು ದಿನಕ್ಕೆ ಅಡಿಕೆಗೆ ಎರಡನೇ ಸಲದ ಕೊಳೆ ಔಷಧಿ (ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ) ಸಿಂಪಡಣೆ. ಫುಲ್ ತೋಳಿನ ಅಂಗಿ ಹಾಕಿಕೊಂಡು ಪೈಪ್ ಹಿಡಿಯಬಹುದೇ? ಬಣ್ಣ ಹೋದ ಕಡೆ ಮತ್ತೆ ತುಂಬಿಸುವ ಟಚ್‌ಅಪ್ ಯಾವಾಗ?

ಕವಲೇದುರ್ಗ_ಕಪ್ಪು:

ಹತ್ತು ದಿನಕ್ಕೆ 17ನೇ ದಿನ ಆಗುತ್ತದೆ, ಬೇಡ. ಬೋರ್ಡೋ ಅಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಹೆಚ್ಚಾದರೆ ಕ್ಷಾರ, ಮೈಲುತುತ್ತ ಹೆಚ್ಚಾದರೆ ಆಮ್ಲ, ಎರಡೂ ಎಳೆ ಚರ್ಮಕ್ಕೆ ಉರಿ. ಮರದ ತಲೆಯಿಂದ ತೊಟ್ಟಿಕ್ಕುವುದು ಕೆಳಗೆ ಪೈಪ್ ಹಿಡಿದವರ ತೋಳಿಗೇ. ಅಂಗಿ ನೆನೆದರೆ ಔಷಧಿಯನ್ನು ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ. ಸುಣ್ಣ ಅರಳಿಸುವ ಡ್ರಮ್ಮಿನ ಹತ್ತಿರವಂತೂ ಸುಳಿಯಬೇಡಿ, ಕುದಿದು ಸಿಡಿಯುತ್ತದೆ. ಎರಡು ಸಿಂಪಡಣೆಯ ನಡುವೆ 40-45 ದಿನದ ಅಂತರ ಹೇಗೂ ಇರುವುದರಿಂದ, ಒಂದು ವಾರ ಮುಂದೆ ಹಾಕಿ ಕೊಳೆಗೆ ಅವಕಾಶ ಕೊಡುವ ಬದಲು ಆ ದಿನಕ್ಕೆ ಬೇರೆ ಆಳು ನೋಡಿ. ಅಕಸ್ಮಾತ್ ಸಿಡಿದರೆ ಒರೆಸಬೇಡಿ, ಕುದಿಸಿ ಆರಿಸಿದ ನೀರಿಗಾಗಿ ಕಾಯಲೂ ಬೇಡಿ, ಸಿಕ್ಕ ಶುಭ್ರ ನೀರನ್ನು 15 ನಿಮಿಷ ಹೊಯ್ಯಿರಿ.

ಟಚ್‌ಅಪ್ ಎಂಟು ವಾರಕ್ಕೆ ಮೊದಲು ಯಾರು ಕರೆದರೂ ಹೋಗಬೇಡಿ. ನವರಾತ್ರಿ ಕಳೆದು ಹವೆ ಒಣಗಿದ ಮೇಲೆ ಹಾಕಿಸಿದರೆ ಇಷ್ಟೆಲ್ಲ ಒರೆಸುವ ಕೆಲಸವೂ ಇರುವುದಿಲ್ಲ. ಆಗ ಬಿಸಿಲಿರುತ್ತದೆ, ಪೂರ್ತಿ ಕೂಡಿದ ಚರ್ಮಕ್ಕೆ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್, ಹಸಿ ಭಾಗಕ್ಕೆ ಸಡಿಲ ಹತ್ತಿ ತೋಳು.